ನಿಂಬೆಹಣ್ಣು ಕಟ್ಟಿದ ಮೇಲೆ

ಶನಿವಾರ ಬೆಳಿಗ್ಗೆ ನಮ್ಮ ಹೈದರಾಬಾದಿನ ಯಾವ ಅಂಗಡಿ ಬೀದಿಗೆ ಹೋದರೂ ಕಾಲಿಗೆ ನಿಂಬೆಹಣ್ಣು ಸಿಗುತ್ತದೆ. ಹೋದ ವಾರದ ಒಣಗಿದ ಸರ ರಸ್ತೆಯಲ್ಲಿ, ಒಂದು ನಿಂಬೆಹಣ್ಣು ಏಳು ಹಸಿಮೆಣಸಿನಕಾಯಿ ಪೋಣಿಸಿದ ಹೊಸ ಸರ ಶಟರಿನ ಮೇಲೆ. ಬಾಗಿಲ ನೆತ್ತಿಯಲ್ಲಿ ಅರಿಶಿನ ಕುಂಕುಮ ಬಳಿದ ಬೂದುಗುಂಬಳಕಾಯಿ. ಲೋಬಾನದ ಹೊಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ಬರುವ ಫಕೀರರು. ಅವರಿಗೆ ಹತ್ತು ರೂಪಾಯಿ ಕೊಡುವುದರಲ್ಲಿ ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲ. ಮುಂಬೈ, ಪುಣೆಯ ಓದುಗರಿಗೂ ಇದೇನು ಹೊಸತಲ್ಲ. ಬೋಣಿಯಾಗುವ ತನಕ ಸಾಲ ಕೊಡದ, ಮೊದಲ ಗಿರಾಕಿ ಚೌಕಾಸಿ ಮಾಡಿ ಬರಿಗೈಲಿ ಹೋದರೆ ಮುಖ ಸಣ್ಣದು ಮಾಡಿಕೊಳ್ಳುವ, ಮೊದಲ ನೋಟನ್ನು ಕಣ್ಣಿಗೊತ್ತಿ ಗಲ್ಲಾಕ್ಕೆ ಹಾಕುವ ವ್ಯಾಪಾರಿಯನ್ನು ನಾವೆಲ್ಲರೂ ನೋಡಿದ್ದೇವೆ.

ನಮ್ಮಂಥ ಸಂಬಳದವರು ಇದನ್ನು ನೋಡಿ ನಗುವುದು ಸುಲಭ. ಮಳೆ ಬರಲಿ, ರಸ್ತೆ ಅಗೆಯಲಿ, ತಿಂಗಳ ಕೊನೆಗೆ ನಮ್ಮ ಖಾತೆಗೆ ಹಣ ಬೀಳುತ್ತದೆ. ಹಾಗಿದ್ದೂ ಆಯುಧಪೂಜೆಯ ದಿನ ನಮ್ಮ ಕಚೇರಿಯ ಸರ್ವರ್ ಕೋಣೆಯ ಬಾಗಿಲಿಗೆ ಕುಂಕುಮ ಹಚ್ಚುತ್ತೇವೆ. ದೊಡ್ಡ ರಿಲೀಸಿನ ರಾತ್ರಿ ಮೇಜಿನ ಮೇಲಿನ ಪುಟ್ಟ ಗಣಪತಿಗೆ ಕೈಮುಗಿಯುವ ಮ್ಯಾನೇಜರುಗಳು ಎಷ್ಟು ಜನ ಬೇಕು? ಆದ್ದರಿಂದ ನಂಬಿಕೆ ಸರಿಯೋ ತಪ್ಪೋ ಎಂಬ ಹಳೆಯ ಜಗಳವನ್ನು ಈ ಸಲ ಬದಿಗಿಡೋಣ. ನನಗಿರುವ ಪ್ರಶ್ನೆ ಸಣ್ಣದು. ನಿಂಬೆಹಣ್ಣು ಕಟ್ಟಿದ ಮೇಲೆ ವ್ಯಾಪಾರಿ ಏನು ಮಾಡುತ್ತಾನೆ?

ಅದಕ್ಕೂ ಮೊದಲು, ನಂಬಿಕೆ ಎಲ್ಲಿ ಬಂದು ಕೂರುತ್ತದೆ ಎಂಬುದನ್ನು ನೋಡಬೇಕು. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಉಳಿದುಕೊಂಡಿದ್ದರು. ಅಲ್ಲಿನ ಬೆಸ್ತರು ಎರಡು ಕಡೆ ಮೀನು ಹಿಡಿಯುತ್ತಿದ್ದರು. ದಡದ ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಖಚಿತ, ಅಪಾಯವಿಲ್ಲ; ಅಲ್ಲಿ ಮಂತ್ರವೂ ಇರಲಿಲ್ಲ. ತೆರೆದ ಕಡಲಿಗೆ ಹೋಗುವಾಗ ಮೀನು ಸಿಗುವುದೂ ಖಚಿತವಿಲ್ಲ, ಮರಳಿ ಬರುವುದೂ ಖಚಿತವಿಲ್ಲ. ಅಲ್ಲಿ ಸಾಲು ಸಾಲು ಮಂತ್ರ ವಿಧಿಗಳು. ಜನ ಅವರೇ, ಬುದ್ಧಿಯೂ ಅದೇ. ಕೈಗೆ ಸಿಗುವ ಕೆಲಸ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮಂತ್ರ ಶುರುವಾಗುತ್ತಿತ್ತು.

ಇದಕ್ಕೆ ನ್ಯೂಗಿನಿಗೆ ಹೋಗಬೇಕಿಲ್ಲ. ನಮ್ಮ ಉಡುಪಿ ಹೋಟೆಲಿನ ಅಡುಗೆಮನೆಗೆ ಹೋದರೆ ಸಾಕು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದು ತಡ, ಬೇಗ ರುಬ್ಬಿ ಬೆಚ್ಚಗಿಡಬೇಕು. ಬೇಸಿಗೆಯಲ್ಲಿ ಹುಳಿ ಬರುವ ಮುಂಚೆ ಫ್ರಿಜ್ಜಿಗೆ ಸೇರಿಸಬೇಕು. ಒಂದು ದಿನ ಹಿಟ್ಟು ಉಬ್ಬದಿದ್ದರೆ ಅಡುಗೆ ಭಟ್ಟರು ದೃಷ್ಟಿ ತೆಗೆಯಲು ಹೋಗುವುದಿಲ್ಲ. ಉದ್ದು ಹಳತಾಯಿತೇ, ನೀರು ಹೆಚ್ಚಾಯಿತೇ ಎಂದು ನೋಡುತ್ತಾರೆ. ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ಬನ್ನಿ, ಲೋಕವೇ ಬೇರೆ. ಅಲ್ಲಿ ದೇವರ ಪಟ, ಹೂವು, ಊದುಬತ್ತಿ, ರಾಹುಕಾಲ ಗುರುತು ಮಾಡಿದ ಕ್ಯಾಲೆಂಡರ್. ಒಳಗಿನ ಅಡುಗೆಮನೆ ಹಿನ್ನೀರು, ಹೊರಗಿನ ಗಲ್ಲಾ ಕಡಲು.

ಆ ಕಡಲು ಎಷ್ಟು ದೊಡ್ಡದು ಎಂಬುದನ್ನು ಕಳೆದ ಹತ್ತು ವರ್ಷ ನಮಗೆ ತೋರಿಸಿದೆ. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಗಲ್ಲಾದಲ್ಲಿದ್ದ 500, 1000ದ ನೋಟು ಕಾಗದವಾಯಿತು. 2020ರ ಮಾರ್ಚ್‌ನಲ್ಲಿ ಶಟರು ಎಳೆದವರಲ್ಲಿ ಎಷ್ಟೋ ಜನ ಮತ್ತೆ ತೆರೆಯಲೇ ಇಲ್ಲ. ಮೆಟ್ರೋ ಕಾಮಗಾರಿಗೆ ಅಂಗಡಿ ಮುಂದೆ ತಗಡಿನ ಬೇಲಿ ನಿಂತರೆ ವರ್ಷಗಟ್ಟಲೆ ಗಿರಾಕಿ ಆ ಬದಿಗೆ ಬರುವುದಿಲ್ಲ. ಊಟ ತಲುಪಿಸುವ ಆ್ಯಪ್ ಎಷ್ಟು ಕಮಿಷನ್ ಕೀಳುತ್ತದೆ, ಮಾಲೀಕ ಯಾವಾಗ ಬಾಡಿಗೆ ಏರಿಸುತ್ತಾನೆ, ಎದುರಿಗೆ ಇನ್ನೊಂದು ಟಿಫಿನ್ ಸೆಂಟರ್ ಯಾವಾಗ ಬರುತ್ತದೆ, ಯಾವುದೂ ಅವನ ಕೈಯಲ್ಲಿಲ್ಲ. ಇಷ್ಟೊಂದು ಅನಿಶ್ಚಿತತೆಯನ್ನು ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಎದುರಿಸುವವನಿಗೆ ಐದು, ಹತ್ತು ರೂಪಾಯಿಯ ನಿಂಬೆಹಣ್ಣಿನ ಸರ ದುಬಾರಿಯೇನಲ್ಲ.

ಹಿಡಿತ ತಪ್ಪಿದೆ ಅನ್ನಿಸಿದಾಗ ಮನಸ್ಸು ಏನು ಮಾಡುತ್ತದೆ ಎಂಬುದರ ಬಗ್ಗೆ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಜೆನಿಫರ್ ವಿಟ್ಸನ್, ಆಡಮ್ ಗ್ಯಾಲಿನ್‌ಸ್ಕಿ ಎಂಬ ಇಬ್ಬರು ನಡೆಸಿದ್ದು. ಪರೀಕ್ಷೆಗೆ ಬಂದವರಲ್ಲಿ ಕೆಲವರಿಗೆ 'ಏನು ಮಾಡಿದರೂ ನನ್ನ ಕೈಲಿಲ್ಲ' ಎಂಬ ಭಾವನೆ ಬರುವಂತೆ ಮಾಡಿದರು. ಆಮೇಲೆ ಬರೀ ಚುಕ್ಕೆಗಳು ಚೆಲ್ಲಿದ ಚಿತ್ರಗಳನ್ನು ತೋರಿಸಿದರು. ಹಿಡಿತ ಕಳೆದುಕೊಂಡವರಿಗೆ ಆ ಚುಕ್ಕೆಗಳಲ್ಲಿ ಇಲ್ಲದ ಆಕಾರಗಳು ಹೆಚ್ಚಾಗಿ ಕಂಡವು. ಸಂಬಂಧವಿಲ್ಲದ ಘಟನೆಗಳ ನಡುವೆ ಸಂಬಂಧ ಕಂಡಿತು. ಹಿಂದೆ ಪಿತೂರಿ ಇದೆ ಅನ್ನಿಸಿತು. ಅಂದರೆ ದೃಷ್ಟಿ, ಮಾಟ, ಕಾಲ್ಗುಣ ಇವೆಲ್ಲ ಬರೀ ಓದು ಬರಹದ ಕೊರತೆಯಿಂದ ಹುಟ್ಟುವುದಿಲ್ಲ. ಕೆಳಗಿನ ನೆಲ ಅಲುಗಾಡಿದಾಗ ಯಾರ ತಲೆಯಲ್ಲಾದರೂ ಹುಟ್ಟುತ್ತವೆ.

ಮನಃಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಮಾತಿದೆ. 1966ರಲ್ಲಿ ಜೂಲಿಯನ್ ರಾಟರ್ ಎಂಬವರು ಜನರನ್ನು ಅಳೆಯಲು ಒಂದು ಪ್ರಶ್ನಾವಳಿ ಪ್ರಕಟಿಸಿದರು. ನನ್ನ ಬದುಕಿನಲ್ಲಿ ಆಗುವುದಕ್ಕೆ ನನ್ನ ಕೆಲಸವೇ ಕಾರಣ ಎನ್ನುವವರು ಒಂದು ತುದಿ; ಅದೃಷ್ಟ, ವಿಧಿ, ದೊಡ್ಡವರ ಕೃಪೆಯೇ ಕಾರಣ ಎನ್ನುವವರು ಇನ್ನೊಂದು ತುದಿ. ಒಳಹಿಡಿತ, ಹೊರಹಿಡಿತ ಎಂದು ಕರೆಯೋಣ. ಉದ್ಯಮ ನಡೆಸುವವರಿಗೆ ಒಳಹಿಡಿತ ಬೇಕು ಎಂದು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಎಲ್ಲವೂ ನನ್ನ ಕೈಯಲ್ಲೇ ಇದೆ ಎಂದು ನಂಬಿದವನು ಲಾಕ್‌ಡೌನಿನಲ್ಲಿ ಮುಚ್ಚಿದ ಅಂಗಡಿಗೂ ತನ್ನನ್ನೇ ಬೈದುಕೊಂಡು ಕುಗ್ಗಿಹೋಗುತ್ತಾನೆ. 'ದೇವರು ಒಂದು ಬಾಗಿಲು ಮುಚ್ಚಿದ, ನೋಡೋಣ' ಎಂದುಕೊಂಡವನು ಮರುವಾರ ತರಕಾರಿ ಗಾಡಿ ತಳ್ಳಿಕೊಂಡು ಬಂದದ್ದನ್ನು ನಮ್ಮ ಬಡಾವಣೆಯಲ್ಲೇ ಕಂಡಿದ್ದೇನೆ. ನಂಬಿಕೆ ಅವನ ಕಾಲು ಕಟ್ಟಲಿಲ್ಲ.

ಈ ವಿಷಯಕ್ಕೆ ಹೈದರಾಬಾದಿನಲ್ಲೇ ಒಂದು ಒಳ್ಳೆಯ ಸಾಕ್ಷಿ ಇದೆ. ಈಗ ಯೂಸುಫ್‌ಗುಡಾದಲ್ಲಿ ಕೇಂದ್ರ ಸರ್ಕಾರದ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ರಾಷ್ಟ್ರೀಯ ಸಂಸ್ಥೆ ಇದೆಯಲ್ಲ, ಅದು 1960ರ ದಶಕದಲ್ಲಿ ಸಣ್ಣ ಕೈಗಾರಿಕಾ ವಿಸ್ತರಣಾ ತರಬೇತಿ ಸಂಸ್ಥೆಯಾಗಿತ್ತು. 1964ರಲ್ಲಿ ಹಾರ್ವರ್ಡಿನ ಡೇವಿಡ್ ಮೆಕ್‌ಲೆಲಂಡ್ ಈ ಸಂಸ್ಥೆಯ ಜೊತೆ ಸೇರಿ ಆಂಧ್ರದ ಕಾಕಿನಾಡ ಪಟ್ಟಣದ ಸಣ್ಣ ವ್ಯಾಪಾರಿಗಳನ್ನು ತಂಡ ತಂಡವಾಗಿ ಕರೆಸಿ ತರಬೇತಿ ಕೊಟ್ಟರು. ಲೆಕ್ಕ ಬರೆಯುವ ಪಾಠಕ್ಕಿಂತ ಬೇರೆಯದೇ ಪಾಠ ಅದು. ಗುರಿ ಇಟ್ಟುಕೊಳ್ಳುವುದು, ಅದರತ್ತ ಎಷ್ಟು ನಡೆದೆ ಎಂದು ನೋಡಿಕೊಳ್ಳುವುದು, ತೀರ ಸುಲಭವೂ ಅಲ್ಲದ, ಬರೀ ಅದೃಷ್ಟದ ಮೇಲೆ ನಿಂತದ್ದೂ ಅಲ್ಲದ ನಡುವಿನ ಅಪಾಯವನ್ನು ಆರಿಸಿಕೊಳ್ಳುವುದು. ಇದನ್ನು ಕಲಿಸಲು ಗೂಟಕ್ಕೆ ಬಳೆ ಎಸೆಯುವ ಆಟವಿತ್ತು. ಗೂಟದ ಪಕ್ಕದಲ್ಲೇ ನಿಂತರೆ ಗೆಲುವಿಗೆ ಬೆಲೆಯಿಲ್ಲ, ತುಂಬ ದೂರ ನಿಂತರೆ ಬಿದ್ದರೂ ಅದು ಅದೃಷ್ಟ. ಎಲ್ಲಿ ನಿಂತರೆ ನನ್ನ ಕೈಚಳಕ ಕೆಲಸಕ್ಕೆ ಬರುತ್ತದೆ ಎಂದು ಪ್ರತಿಯೊಬ್ಬನೂ ತಾನೇ ಕಂಡುಕೊಳ್ಳಬೇಕಿತ್ತು.

ಆಮೇಲಿನ ವರ್ಷಗಳಲ್ಲಿ ಅವರನ್ನು ಹಿಂಬಾಲಿಸಿ ನೋಡಿದಾಗ, ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿದ್ದರು. ಹೊಸ ವ್ಯಾಪಾರ ತೆರೆದಿದ್ದರು, ಹೆಚ್ಚು ಬಂಡವಾಳ ಹಾಕಿದ್ದರು, ಹೆಚ್ಚು ಜನಕ್ಕೆ ಕೆಲಸ ಕೊಟ್ಟಿದ್ದರು. ಮೆಕ್‌ಲೆಲಂಡ್ ಮತ್ತು ಡೇವಿಡ್ ವಿಂಟರ್ 1969ರಲ್ಲಿ ಇದನ್ನು ಪುಸ್ತಕವಾಗಿ ತಂದರು. ನಮ್ಮ ಚರ್ಚೆಗೆ ಬೇಕಾದ ಮಾತು ಇಲ್ಲಿದೆ: ಸಾಂಪ್ರದಾಯಿಕ ನಂಬಿಕೆಗಳು ಈ ಬದಲಾವಣೆಗೆ ಅಡ್ಡ ಬರಲಿಲ್ಲ. ಜಾತಿಯಾಗಲಿ, ಪಾಶ್ಚಾತ್ಯ ರೀತಿಯ ಬದುಕಾಗಲಿ ಯಾರು ಮೇಲೆ ಬರುತ್ತಾರೆ ಎಂಬುದನ್ನು ನಿರ್ಧರಿಸಲಿಲ್ಲ. ವ್ಯಾಪಾರಿಯನ್ನು ಬದಲಾಯಿಸಬೇಕಾದರೆ ಮೊದಲು ಅವನ ದೇವರನ್ನು ಬಿಡಿಸಬೇಕು ಎಂದುಕೊಂಡವರಿಗೆ ಕಾಕಿನಾಡ ಬೇರೆ ಉತ್ತರ ಕೊಟ್ಟಿತು.

ಅರ್ಧ ಶತಮಾನದ ನಂತರ ಪಶ್ಚಿಮ ಆಫ್ರಿಕಾದ ಟೋಗೊದಲ್ಲಿ ಇಂಥದೇ ಪ್ರಯೋಗ ನಡೆಯಿತು. ರಾಜಧಾನಿ ಲೋಮೆಯಲ್ಲಿ ತಾಯತಕ್ಕೆ, ಮಂತ್ರಕ್ಕೆ ಬೇಕಾದ ಪ್ರಾಣಿಗಳ ತಲೆಬುರುಡೆ ಮಾರುವ ಅಕೊಡೆಸೆವಾ ಎಂಬ ಸಂತೆಯೇ ಇದೆ. ನಂಬಿಕೆಗೆ ಅಲ್ಲೂ ಬರವಿಲ್ಲ. 1500 ಸಣ್ಣ ಉದ್ಯಮಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರುಕಟ್ಟೆಯ ಮಾಮೂಲಿ ತರಬೇತಿ. ಇನ್ನೊಂದಕ್ಕೆ ತಾನೇ ಮುಂದಾಗಿ ಹೆಜ್ಜೆ ಇಡುವ, ಅಡ್ಡಿ ಬಂದರೆ ಬೇರೆ ದಾರಿ ಹುಡುಕುವ ಮನೋಭಾವದ ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನೋಭಾವದ ತರಬೇತಿ ಪಡೆದವರ ಲಾಭ ಶೇ. 30ರಷ್ಟು ಏರಿತ್ತು. ಮಾಮೂಲಿ ತರಬೇತಿಯವರದು ಶೇ. 11, ಅದೂ ಲೆಕ್ಕಶಾಸ್ತ್ರದ ಪ್ರಕಾರ ಖಚಿತವಾಗಿ ಹೇಳಲಾಗದಷ್ಟು.

ಹಾಗಾದರೆ ನಂಬಿಕೆಯಿಂದ ನಷ್ಟವೇ ಇಲ್ಲವೇ? ಇದೆ. ಎಲ್ಲ ನಂಬಿಕೆಯೂ ಒಂದೇ ಕೆಲಸ ಮಾಡುವುದಿಲ್ಲ.

ಕೆಲವು ಧೈರ್ಯ ಕೊಡುತ್ತವೆ. ಬೆಳಗಿನ ದೀಪ, ಊದುಬತ್ತಿ ಅಂಥವು. ಕೆಲವು ಶಿಸ್ತು ತರುತ್ತವೆ. ಮುಂಬೈಯ ನಮ್ಮ ಕರಾವಳಿಯ ಹೋಟೆಲಿನವರು ಊರಿನ ದೈವಕ್ಕೆ, ಕಟೀಲು ಮೇಳದ ಆಟಕ್ಕೆ ಹರಕೆ ಹೊರುತ್ತಾರೆ. ಆ ಹರಕೆಯಾಟದ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ವರ್ಷ ಹೋಟೆಲ್ ನಡೆಸಿ, ಹಣ ಕೂಡಿಸಿ, ಊರಿನವರ ಎದುರು ಮಾತು ಉಳಿಸಿಕೊಳ್ಳಬೇಕು. ಹರಕೆ ಹೊತ್ತವನ ಹೆಗಲ ಮೇಲೆ ಕೆಲಸ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಮುಂಬೈ ಷೇರುಪೇಟೆಯಲ್ಲಿ 1957ರಿಂದ ದೀಪಾವಳಿಯಂದು ಮುಹೂರ್ತದ ವಹಿವಾಟು ನಡೆಯುತ್ತಿದೆ. ಒಂದು ಗಂಟೆ ಹೊತ್ತು ಶಾಸ್ತ್ರಕ್ಕೆ ನಾಲ್ಕು ಷೇರು ಕೊಂಡು ಸಿಹಿ ಹಂಚುತ್ತಾರೆ. ಮನೆ ಮಾರಿ ಆ ಒಂದು ಗಂಟೆಯಲ್ಲೇ ಸುರಿಯುವ ದಲ್ಲಾಳಿಯನ್ನು ಯಾರೂ ಕಂಡಿಲ್ಲ. ನಂಬಿಕೆಗೆ ಎಷ್ಟು ಜಾಗ ಕೊಡಬೇಕೆಂದು ಅವರಿಗೆ ಗೊತ್ತು.

ತೊಂದರೆ ಶುರುವಾಗುವುದು ನಂಬಿಕೆ ನೆಪವಾದಾಗ. ಅದಕ್ಕಿಂತ ಕೆಟ್ಟದ್ದು, ಅದು ಅಪರಾಧಿಯೊಬ್ಬನನ್ನು ಹುಡುಕಿಕೊಟ್ಟಾಗ.

ನಾನು ಮಧ್ಯಾಹ್ನ ಊಟಕ್ಕೆ ಹೋಗುವ ಜೋಳದ ರೊಟ್ಟಿಯ ಮೆಸ್ಸೊಂದಿದೆ. ನಡೆಸುವವರು ಬೀದರ್ ಜಿಲ್ಲೆಯವರು. ಕಳೆದ ವರ್ಷ ವ್ಯಾಪಾರ ಇಳಿಯಿತು. ಮೊದಲು ನಿಂಬೆಹಣ್ಣು ಒಂದಿದ್ದದ್ದು ಮೂರಾಯಿತು. ಆಮೇಲೆ ವಾಸ್ತುವಿನವರು ಬಂದು ಗಲ್ಲಾದ ದಿಕ್ಕು ಬದಲಿಸಿ, ಒಂದು ಗೋಡೆ ಒಡೆಸಿದರು. ಎಲ್ಲ ಸೇರಿ 40,000 ರೂಪಾಯಿ ಖರ್ಚು. ವ್ಯಾಪಾರ ಏರಲಿಲ್ಲ. ಒಂದು ದಿನ ರೊಟ್ಟಿ ಬಡಿಯುವ ಹೆಂಗಸಿನತ್ತ ಕಣ್ಣು ಮಾಡಿ ತಗ್ಗಿದ ದನಿಯಲ್ಲಿ ಹೇಳಿದರು, "ಆಕಿ ಕಾಲ್ಗುಣ ಸರಿ ಇಲ್ಲಂತ ನಮ್ಮ ಮನ್ಯಾಗ ಅಂತಾರ್ರೀ ಸರ್. ಬಂದಾಗಿಂದ ಹಿಂಗೇ ಆಗೇದ. ಈ ತಿಂಗಳು ಮುಗಿದ ಮ್ಯಾಲ ಬರಬ್ಯಾಡ ಅಂತ ಹೇಳ್ತೀನ್ರಿ."

ಆಕೆ ಹುಮನಾಬಾದ್ ಕಡೆಯವರು. ಗಂಡ ಇಲ್ಲ, ಎರಡು ಮಕ್ಕಳು ಇಲ್ಲೇ ಸರ್ಕಾರಿ ಶಾಲೆಯಲ್ಲಿ.

"ಅಣ್ಣಾ, ಅವರು ಬಂದದ್ದು ಯಾವಾಗ?" ಎಂದು ಕೇಳಿದೆ.

"ದಸರಾ ಆದ ಮ್ಯಾಲ."

"ವ್ಯಾಪಾರ ಇಳಿದದ್ದು?"

"ಅದೂ ಆವಾಗಿಂದೇ..." ಎಂದವರು ಸ್ವಲ್ಪ ತಡೆದರು. "ಇಲ್ರೀ, ಅದಕ್ಕಿಂತ ಮೊದಲೇ ಇರಬೇಕು."

ಅವರ ಫೋನಿನ ಯುಪಿಐ ಆ್ಯಪಿನಲ್ಲಿ ದಿನದ ಜಮೆಯ ಲೆಕ್ಕ ಪೂರ್ತಿ ಇತ್ತು. ಇಬ್ಬರೂ ಕೂತು ಒಂದು ಹಾಳೆಯ ಮೇಲೆ ವಾರಕ್ಕೊಂದು ಸಾಲು ಬರೆದೆವು. ಇಳಿತ ಶುರುವಾದದ್ದು ಆಗಸ್ಟಿನಲ್ಲಿ, ಆಕೆ ಬರುವ ಎರಡು ತಿಂಗಳು ಮೊದಲು. ಮಂಗಳವಾರ, ಬುಧವಾರ, ಗುರುವಾರದ ವ್ಯಾಪಾರ ಹಿಂದಿನಷ್ಟೇ ಇತ್ತು. ಸೋಮವಾರ, ಶುಕ್ರವಾರ ಮಾತ್ರ ಅರ್ಧಕ್ಕೆ ಬಂದಿತ್ತು. ಊಟಕ್ಕೆ ಬರುವ ಹುಡುಗರನ್ನು ಕೇಳಿದರೆ ಕಾರಣ ಐದೇ ನಿಮಿಷದಲ್ಲಿ ಗೊತ್ತಾಯಿತು. ಹತ್ತಿರದ ದೊಡ್ಡ ಕಚೇರಿಯವರು ವಾರಕ್ಕೆ ಮೂರು ದಿನ ಬಂದರೆ ಸಾಕು, ಉಳಿದ ದಿನ ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರು. ದೃಷ್ಟಿ ಬಿದ್ದಿದ್ದರೆ ಅದು ವಾರದಲ್ಲಿ ಎರಡು ದಿನ ಮಾತ್ರ ಬೀಳುತ್ತಿತ್ತು!

ಈಗ ಅವರು ಸೋಮವಾರ, ಶುಕ್ರವಾರ ಅಡುಗೆ ಕಡಿಮೆ ಮಾಡುತ್ತಾರೆ. ಗುರುವಾರ ಮಧ್ಯಾಹ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪ್ಯಾಕೆಟ್ ಕಟ್ಟಿ ಗಲ್ಲಾದ ಮುಂದಿಡುತ್ತಾರೆ. ಮನೆಗೆ ಒಯ್ಯುವವರು ಒಯ್ಯುತ್ತಾರೆ. ನಷ್ಟ ಪೂರ್ತಿ ತುಂಬಿಲ್ಲ, ಬಾಡಿಗೆ ಒಂದು ರೂಪಾಯಿಯೂ ಇಳಿದಿಲ್ಲ. ಆದರೆ ಪಲ್ಯ ಚೆಲ್ಲುವುದು ನಿಂತಿದೆ. ಖಡಕ್ ರೊಟ್ಟಿ ಮಾಡುವವರು ಆ ಹೆಂಗಸೇ. ಶನಿವಾರದ ನಿಂಬೆಹಣ್ಣೂ ನಿಂತಿಲ್ಲ, ನಾನೂ ಅದರ ಮಾತೆತ್ತಲಿಲ್ಲ.

ಗೋಡೆ ಒಡೆಸಿದ 40,000 ಹೋದರೆ ಮತ್ತೆ ಗಳಿಸಬಹುದು. ಕಾಲ್ಗುಣದ ಹೆಸರಲ್ಲಿ ಕೆಲಸ ಹೋಗಿದ್ದರೆ ಆಕೆ ಅದನ್ನು ಯಾರ ಹತ್ತಿರ ಕೇಳಬೇಕಿತ್ತು? ಮಾಟ ಮಂತ್ರದ ಹೆಸರಲ್ಲಿ ವಂಚಿಸುವವರನ್ನು ಹಿಡಿಯಲು ಮಹಾರಾಷ್ಟ್ರದಲ್ಲಿ 2013ರಲ್ಲಿ, ಕರ್ನಾಟಕದಲ್ಲಿ 2017ರಲ್ಲಿ ಕಾನೂನು ಬಂತು. ತಗ್ಗಿದ ದನಿಯಲ್ಲಿ ಆಡುವ ಇಂಥ ಮಾತು ಆ ಕಾನೂನುಗಳ ಕಣ್ಣಿಗೆ ಬೀಳುವುದಿಲ್ಲ. ಕಾಲ್ಗುಣದ ಆಪಾದನೆ ಯಾವಾಗಲೂ ಇಳಿಜಾರಿನಲ್ಲೇ ಹರಿಯುತ್ತದೆ. ಹೊಸದಾಗಿ ಬಂದ ಸೊಸೆ, ವಿಧವೆ, ಕೆಲಸದ ಹುಡುಗ, ಎಲ್ಲರೂ ತಿರುಗಿ ಮಾತಾಡಲಾಗದವರು. ಬಾಡಿಗೆ ಏರಿಸಿದ ಮಾಲೀಕನ ಕಾಲ್ಗುಣ ಸರಿಯಿಲ್ಲ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಆ ಮೆಸ್ಸಿನವರ ಊರಿನ ಹತ್ತಿರವೇ ಬಸವಕಲ್ಯಾಣ. 12ನೇ ಶತಮಾನದಲ್ಲಿ ಅಲ್ಲಿ ಸೇರಿದ ಶರಣರಲ್ಲಿ ಹೆಚ್ಚಿನವರು ಕೈಕಸುಬಿನವರು, ಸಣ್ಣ ವ್ಯಾಪಾರದವರು. ಮುಹೂರ್ತ, ಲಗ್ನ ನೋಡಿ ಹೆದರುವುದನ್ನು ಅವರು ಅಂದೇ ಪ್ರಶ್ನಿಸಿದರು. ಹಾಗೆಂದು ದೇವರನ್ನು ಬಿಡಲಿಲ್ಲ. ಕೈಯಲ್ಲಿರುವ ಕಾಯಕದ ಮುಂದೆ ದೇವರನ್ನು ನೆಪವಾಗಿ ನಿಲ್ಲಿಸಲಿಲ್ಲ. ನಮ್ಮದೇ ನಾಡಿನ ಈ ಪಾಠಕ್ಕೂ ಕಾಕಿನಾಡದ ಪಾಠಕ್ಕೂ ಹೆಚ್ಚು ದೂರವಿಲ್ಲ.

ನಮ್ಮವರು ಎಷ್ಟೋ ಜನ ಪರವೂರಿನಲ್ಲಿ ಹೋಟೆಲ್, ಬೇಕರಿ, ಕಿರಾಣಿ ನಡೆಸುತ್ತಿದ್ದಾರೆ. ಅಂಗಡಿ ಇಲ್ಲದವರಿಗೂ ಅಂಥ ಅಣ್ಣ, ಮಾವ, ಸ್ನೇಹಿತರಿದ್ದಾರೆ. ಅವರ ನಿಂಬೆಹಣ್ಣು ಕೀಳಿಸಲು ಹೋಗಬೇಡಿ, ಜಗಳವಾಗುತ್ತದೆ. ಅದರ ಬದಲು ಮೂರು ವಿಷಯ ಹೇಳಿ. ದಿನದ ವ್ಯಾಪಾರ ಎಷ್ಟು, ಎಂದಿಗಿಂತ ಬೇರೆ ಏನಾಯಿತು ಎಂದು ದಿನಕ್ಕೊಂದು ಸಾಲು ಬರೆದಿಡಲಿ: ಮಳೆ, ಬಂದ್, ಪರೀಕ್ಷೆ, ಎದುರಿನ ಹೊಸ ಅಂಗಡಿ. ಪರಿಹಾರಕ್ಕೆ ಎಷ್ಟು ಖರ್ಚು ಎಂಬ ಮಿತಿಯನ್ನು ವರ್ಷದ ಮೊದಲೇ ಗೊತ್ತು ಮಾಡಿಕೊಳ್ಳಲಿ. ಹೆದರಿಕೆ ಬಂದಾಗ ಜೇಬಿಗೆ ತಳ ಇರುವುದಿಲ್ಲ. ಮೂರನೆಯದು, ಕಾರಣ ಎಂದು ಒಬ್ಬ ಮನುಷ್ಯನ ಕಡೆ ಬೆರಳು ತೋರಿಸುವ ಮೊದಲು ಆ ಬರೆದಿಟ್ಟ ಸಾಲುಗಳನ್ನು ಒಮ್ಮೆ ಓದಲಿ.

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಲೆಕ್ಕದ ಪುಸ್ತಕದ ನೆತ್ತಿಯಲ್ಲಿ 'ಶುಭ ಲಾಭ' ಎಂದು ಬರೆಯುತ್ತಾರೆ. ಬರೆಯಲಿ, ಅದರಿಂದ ಕಳೆದುಕೊಳ್ಳುವುದೇನಿಲ್ಲ. ಮರುದಿನದಿಂದ ಕೆಳಗಿನ ಸಾಲುಗಳಲ್ಲಿ ನಿಜವಾದ ಜಮಾ ಖರ್ಚನ್ನೂ ಬರೆದರೆ ಸರಿ.